ಪೋರ್ಟ್ ಬ್ಲೇರಿನ ಹೊಸ ಹೋಟೆಲು: ಬೆಳಗಿನ ಜಾವ ನಾಲ್ಕಕ್ಕೆ ಏಳುವವರಿಗೆ

ಅಂಡಮಾನಿಗೆ ಹೋದವರು ಪೋರ್ಟ್ ಬ್ಲೇರಿನಲ್ಲಿ ಉಳಿಯುವುದು ಹೆಚ್ಚಾಗಿ ವಿಧಿಯಿಲ್ಲದೆ. ವಿಮಾನ ಇಳಿದ ದಿನ ಒಂದು ರಾತ್ರಿ, ಹ್ಯಾವ್‌ಲಾಕ್-ನೀಲ್ ದ್ವೀಪಗಳನ್ನು ಸುತ್ತಿ ಬಂದ ಮೇಲೆ ವಾಪಸು ವಿಮಾನ ಹತ್ತುವ ಮುಂಚೆ ಇನ್ನೊಂದು ರಾತ್ರಿ, ಬಾರಾಟಾಂಗ್ ದ್ವೀಪ ನೋಡುವ ಆಸೆಯಿದ್ದರೆ ನಡುವೆ ಮತ್ತೊಂದು. ಹಾಗಾಗಿ ಈ ಊರಿನ ಹೋಟೆಲನ್ನು ಕಿಟಕಿಯಿಂದ ಕಾಣುವ ಸಮುದ್ರದ ಮೇಲೆ ಅಳೆದು ಪ್ರಯೋಜನವಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಿಸಿನೀರು ಬರುತ್ತದೆಯೇ, ಐದಕ್ಕೆ ತಿಂಡಿ ಕಟ್ಟಿಕೊಡುತ್ತಾರೆಯೇ, ಕತ್ತಲಾದ ಮೇಲೆ ನಡೆದುಹೋಗಿ ಊಟ ಮುಗಿಸಿ ಬರಬಹುದೇ ಎಂದು ಕೇಳಬೇಕು.

ಊರಿನ ಮುಖ್ಯ ಪೇಟೆಯಾದ ಅಬರ್ಡೀನ್ ಬಜಾರಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಹೊಸದಾಗಿ ಬಾಗಿಲು ತೆರೆದಿರುವ, ಸುಮಾರು ನಲವತ್ತು ರೂಮಿನ ಹೋಟೆಲೊಂದರ ವಿಮರ್ಶೆ ಇದು. ಹೆಸರು ಹಾಕಿಲ್ಲ. ಇದರ ಒಳ್ಳೆಯದು ಕೆಟ್ಟದ್ದೆಲ್ಲ ಊರಿನ ಬೇರೆ ಹೊಸ ಹೋಟೆಲುಗಳಿಗೂ ಹೆಚ್ಚುಕಮ್ಮಿ ಒಪ್ಪುತ್ತದೆ. ಊರಿನ ಹೆಸರು 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಆಗಿದೆ. ಆಟೋದವರ ಬಾಯಲ್ಲಿ ಮಾತ್ರ ಇನ್ನೂ ಪೋರ್ಟ್ ಬ್ಲೇರೇ.

ಮೊದಲು ಸಮಯದ ಮಾತು. ಇಡೀ ದೇಶಕ್ಕೆ ಒಂದೇ ಗಡಿಯಾರ, ಆದರೆ ಈ ದ್ವೀಪ ಬೆಂಗಳೂರಿಗಿಂತ ಹದಿನೈದು ಡಿಗ್ರಿ ಪೂರ್ವಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಪೂರಾ ಒಂದು ಗಂಟೆ ಮುಂದೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಬೆಳಿಗ್ಗೆ ಐದಕ್ಕೇ ಕಣ್ಣಿಗೆ ಹೊಡೆಯುತ್ತಾನೆ. ಬುಕಿಂಗ್ ಆ್ಯಪಿನಲ್ಲಿ ‘ಸೀ ವ್ಯೂ’ ಎಂದು ಐನೂರು ರೂಪಾಯಿ ಜಾಸ್ತಿಗೆ ಮಾರುವ ಪೂರ್ವದಿಕ್ಕಿನ ರೂಮುಗಳ ಕಷ್ಟ ಶುರುವಾಗುವುದು ಇಲ್ಲಿಂದ. ಈ ಹೋಟೆಲಿನಲ್ಲಿ ಬೆಳಕು ತಡೆಯುವ ದಪ್ಪ ಪರದೆಯೇನೋ ಹಾಕಿದ್ದಾರೆ. ಆದರೆ ಅದರ ಎರಡು ಭಾಗಗಳು ನಡುವೆ ಒಂದರ ಮೇಲೊಂದು ಬರುವುದಿಲ್ಲ, ನಾಲ್ಕು ಬೆರಳಿನ ಸಂದು ಉಳಿಯುತ್ತದೆ, ಅದರಿಂದ ಬಿಸಿಲಿನ ಪಟ್ಟಿ ನೇರ ದಿಂಬಿಗೆ ಬಂದು ಬೀಳುತ್ತದೆ. ರಾತ್ರಿ ಮಲಗುವಾಗ ಎರಡು ಬಟ್ಟೆ ಕ್ಲಿಪ್ ಹಾಕಿಬಿಟ್ಟರೆ ಸಮಸ್ಯೆ ಮುಗಿಯಿತು. ಕ್ಲಿಪ್ ಮನೆಯಿಂದಲೇ ತರಬೇಕು.

ರೂಮು ಸುಮಾರು 180 ಚದರಡಿ. ಹಾಸಿಗೆ ಗಟ್ಟಿ, ಹೊಸದು. ಮಂಚದ ಎರಡೂ ಬದಿ ಪ್ಲಗ್ ಇದೆ, ಕೆಟಲ್ ಇದೆ. ದೂರಿಗೆ ಆಸ್ಪದವಿಲ್ಲ. ಏಸಿ ಮಾತ್ರ ವಿಚಿತ್ರವೆನಿಸುತ್ತದೆ. ಹದಿನೆಂಟಕ್ಕೆ ಇಟ್ಟರೆ ಹತ್ತೇ ನಿಮಿಷದಲ್ಲಿ ಚಳಿ ಹಿಡಿಸುತ್ತದೆ, ಆದರೂ ಹೊದಿಕೆ ಜಿಗುಟು, ನೆಲ ತಣ್ಣಗೆ ಒದ್ದೆ ಒದ್ದೆ. ಏಸಿ ಕೆಟ್ಟಿಲ್ಲ, ರೂಮಿಗೆ ಮೀರಿದ್ದು. ಇಷ್ಟು ಚಿಕ್ಕ ರೂಮಿಗೆ ಒಂದು ಟನ್ ಸಾಕು, ಹಾಕಿರುವುದು ಒಂದೂವರೆ ಟನ್. ದೊಡ್ಡ ಯಂತ್ರ ಗಾಳಿಯನ್ನು ಬೇಗ ತಣ್ಣಗೆ ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗಾಳಿಯಲ್ಲಿನ ತೇವ ಹನಿಯಾಗಿ ಹೊರಹೋಗಬೇಕಾದರೆ ಕಂಪ್ರೆಸರ್ ತುಂಬಾ ಹೊತ್ತು ಓಡುತ್ತಿರಬೇಕು. ಉಪಾಯ ಇದು: 25 ಅಥವಾ 26ಕ್ಕೆ ಇಡಿ, ಫ್ಯಾನ್ ವೇಗ ಕಡಿಮೆ ಮಾಡಿ, ರಿಮೋಟಿನಲ್ಲಿ ನೀರಹನಿ ಗುರುತಿನ ಡ್ರೈ ಮೋಡ್ ಇದ್ದರೆ ಮಲಗುವ ಮುಂಚೆ ಅರ್ಧ ಗಂಟೆ ಓಡಿಸಿ. ಬಾಲ್ಕನಿ ಬಾಗಿಲು ತೆರೆದಿಟ್ಟುಕೊಂಡು ಏಸಿ ಹಾಕಿದಿರೋ, ಕನ್ನಡಿಯಿಂದ ಹಿಡಿದು ಗೋಡೆಯವರೆಗೆ ಎಲ್ಲ ಬೆವರುತ್ತದೆ.

ಈ ತೇವದ ವಿಷಯ ಹೊಸ ಕಟ್ಟಡಕ್ಕೆ ಇನ್ನೂ ಒಂದು ಪಾಲು ಹೆಚ್ಚು. ಗಾರೆ, ಕಾಂಕ್ರೀಟು ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದೂ ಮೇ ತಿಂಗಳಿಂದ ಡಿಸೆಂಬರಿನವರೆಗೆ ಮುಂಗಾರು, ಹಿಂಗಾರು ಎರಡರ ಪಾಲು. ಸೀಸನ್ ತಪ್ಪಿಹೋಗುತ್ತದೆಂದು ಒಣಗದ ಗೋಡೆಗೆ ಬಣ್ಣ ಬಳಿದು ಬಾಗಿಲು ತೆರೆದರೆ ಒಳಗಿನ ನೀರು ಬಣ್ಣವನ್ನು ಗುಳ್ಳೆ ಎಬ್ಬಿಸಿಕೊಂಡು ಹೊರಬರುತ್ತದೆ. ಈ ಹೋಟೆಲಿನ ಕೆಳಗಿನ ಎರಡು ಮಹಡಿಗಳ ಹಿಂಬದಿ ರೂಮುಗಳಲ್ಲಿ ಅದು ಕಾಣುತ್ತದೆ. ಊರೇ ಗುಡ್ಡದ ಮೇಲಿದೆ, ಕಟ್ಟಡದ ಹಿಂಬದಿಯನ್ನು ಇಳಿಜಾರು ಕಡಿದು ಕಟ್ಟಿದ್ದಾರೆ, ಮಣ್ಣಿಗೆ ಒತ್ತಿಕೊಂಡ ಗೋಡೆಗೆ ಹೊರಗಿಂದಲೂ ನೀರು. ವಾರ್ಡ್‌ರೋಬಿನ ಒಳಮೂಲೆಗೆ ಮೂಗು ಒಡ್ಡಿ ನೋಡಿ. ಮುಗ್ಗಲು ವಾಸನೆ ಬಂದರೆ ಬ್ಯಾಗು ಬಿಚ್ಚುವ ಮೊದಲೇ ಮೇಲಿನ ಮಹಡಿಯ ಮುಂಬದಿ ರೂಮು ಕೇಳಿ. ಕೊಡುತ್ತಾರೆ.

ಬಚ್ಚಲಿನ ವಾಸನೆ ಬೇರೆ ಜಾತಿಯದು, ಅದಕ್ಕೆ ರೂಮು ಬದಲಿಸಬೇಕಿಲ್ಲ. ನೆಲದ ಜಾಲರಿಯ ಕೆಳಗೆ ಬಾಗಿದ ಪೈಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಚರಂಡಿಯ ಗಾಳಿಯನ್ನು ತಡೆಯುವುದು ಅದೇ. ಹೊಸ ಹೋಟೆಲಿನಲ್ಲಿ ಕೆಲವು ರೂಮುಗಳು ವಾರಗಟ್ಟಲೆ ಖಾಲಿ ಬಿದ್ದಿರುತ್ತವೆ, ಆ ನೀರು ಆರಿಹೋಗುತ್ತದೆ. ಪ್ರತಿ ಜಾಲರಿಗೂ ಒಂದು ಮಗ್ ನೀರು ಸುರಿದು ಕಾಲು ಗಂಟೆ ಬಿಟ್ಟು ನೋಡಿ. ವಾಸನೆ ಹೋದರೆ ಸರಿ. ಹೋಗದಿದ್ದರೆ ಬಹುಶಃ ಆ ಬಾಗಿದ ತುಂಡನ್ನೇ ಹಾಕಿಲ್ಲ, ಅದನ್ನು ನೀವಿರುವ ದಿನಗಳಲ್ಲಿ ಯಾರೂ ಸರಿಪಡಿಸಲಾರರು.

ಸ್ನಾನದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಗೀಸರು 15 ಲೀಟರಿನದು, ಮೇಲೆ ಸೋಸರಿನಗಲದ ರೇನ್ ಷವರ್. ಟ್ಯಾಂಕಿನ ನೀರು 60 ಡಿಗ್ರಿಗೆ ಕಾದಿದೆ, ತಣ್ಣೀರು 27 ಡಿಗ್ರಿ ಇದೆ ಎಂದುಕೊಂಡರೆ, ಹದವಾಗಿ ಬೆರೆಸಿದಾಗ ಸಿಗುವುದು ಮೂವತ್ತೆಂಟು ಲೀಟರ್, ಅಂದರೆ ಎರಡು ಬಕೆಟ್. ಷವರು ನಿಮಿಷಕ್ಕೆ ಹನ್ನೆರಡು ಲೀಟರ್ ಸುರಿಸಿದರೆ ಮೂರು ನಿಮಿಷಕ್ಕೆ ಕಥೆ ಮುಗಿಯುತ್ತದೆ. ಮತ್ತೆ ಕಾಯಲು ಎರಡು ಕಿಲೋವಾಟಿನ ಹೀಟಿಂಗ್ ಕಾಯಿಲ್‌ಗೆ ಹದಿನೇಳು ಹದಿನೆಂಟು ನಿಮಿಷ. ನಾಲ್ಕು ಜನರ ಸಂಸಾರ ಒಂದೇ ರೂಮಿನಲ್ಲಿದ್ದು ಐದಕ್ಕೆ ಹೊರಡಬೇಕಾದರೆ ಷವರಿನ ಆಸೆ ಬಿಟ್ಟು ಬಕೆಟ್ಟು ಕೇಳಿ ತರಿಸಿಕೊಳ್ಳುವುದೇ ಲೇಸು. ಬಕೆಟ್ಟು ರೂಮಿನಲ್ಲಿ ಇಟ್ಟಿಲ್ಲ, ಕೇಳಿದರೆ ಎರಡೇ ನಿಮಿಷದಲ್ಲಿ ಬರುತ್ತದೆ. ಹೊಸ ಹೋಟೆಲುಗಳಿಗೆ ಬಕೆಟ್ಟು ಕಂಡರೆ ಅದೇಕೋ ನಾಚಿಕೆ.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಇಷ್ಟು ಮಳೆ ಬಿದ್ದರೂ ಊರು ಬೇಸಿಗೆಯಲ್ಲಿ ಒಣಗುತ್ತದೆ. ಧನಿಖಾರಿ ಅಣೆಕಟ್ಟೆಯೇ ಮುಖ್ಯ ಆಸರೆ, ಮಾರ್ಚ್-ಏಪ್ರಿಲಿನಲ್ಲಿ ಅದು ತಗ್ಗಿದಾಗ ನಲ್ಲಿ ನೀರು ದಿನ ಬಿಟ್ಟು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಬರುತ್ತದೆ. ಹೋಟೆಲಿಗೆ ತಲೆಗೆ 180 ಲೀಟರ್ ಎಂಬುದು ಕಟ್ಟಡ ಕಟ್ಟುವವರು ಹಿಡಿಯುವ ಲೆಕ್ಕ. ನಲವತ್ತು ರೂಮು, ರೂಮಿಗೆ ಇಬ್ಬರು ಎಂದರೆ ದಿನಕ್ಕೆ 14,400 ಲೀಟರ್. ಮೂರು ದಿನ ತಡೆದುಕೊಳ್ಳಲು 43,000 ಲೀಟರಿನ ಸಂಪು ಬೇಕು. ಬೇಸಿಗೆಯಲ್ಲಿ ಬುಕ್ ಮಾಡುವವರು ಫೋನಿನಲ್ಲಿ ‘ನೀರಿದೆಯಾ’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರವೇ ಬರುತ್ತದೆ. ‘ಸಂಪು ಎಷ್ಟು ಲೀಟರಿನದು, ಟ್ಯಾಂಕರು ಯಾರದು’ ಎಂದು ಕೇಳಿ. ತಡವರಿಸದೆ ಹೇಳಿದರೆ ಅಲ್ಲಿ ಯಾರೋ ತಿಳಿದವರಿದ್ದಾರೆ.

ಕರೆಂಟಿನ ವಿಷಯದಲ್ಲಿ ಈ ಹೋಟೆಲು ಪಾಸು. ಮುಖ್ಯಭೂಮಿಯ ಗ್ರಿಡ್ಡಿಗೂ ದ್ವೀಪಕ್ಕೂ ತಂತಿಯ ನಂಟಿಲ್ಲ. ಹೆಚ್ಚಿನ ವಿದ್ಯುತ್ತು ಡೀಸೆಲಿನಿಂದ, ಒಂದಿಷ್ಟು ಸೌರಶಕ್ತಿಯಿಂದ. ಹೋಗುವುದು ಬರುವುದು ಇದ್ದೇ ಇದೆ. ಜನರೇಟರು ಹದಿನೈದು ಸೆಕೆಂಡಿನೊಳಗೆ ತಾನಾಗಿ ಹಿಡಿಯುತ್ತದೆ. ಆದರೂ ಏಸಿ ತಣ್ಣಗಾಗಲು ಮೂರು ನಿಮಿಷ ಬೇಕು. ಕಂಪ್ರೆಸರ್ ಸುಡದಿರಲೆಂದು ಏಸಿಯೇ ತಡೆದು ಶುರುವಾಗುತ್ತದೆ, ರಿಮೋಟು ಒತ್ತುತ್ತಾ ಕೂರಬೇಡಿ. ಜನರೇಟರು ಇರುವುದು ಹಿಂಬದಿ ನೆಲಮಹಡಿಯಲ್ಲಿ, ಆ ಕಡೆಯ ರೂಮು ಬೇಡವೆನ್ನಲು ಇದು ಎರಡನೇ ಕಾರಣ. ಬಾಗಿಲ ಪಕ್ಕದ ಕೀಕಾರ್ಡ್ ತೆಗೆದರೆ ಪ್ಲಗ್ಗುಗಳೂ ಸತ್ತುಹೋಗುತ್ತವೆ. ಕ್ಯಾಮೆರಾ ಬ್ಯಾಟರಿ ಚಾರ್ಜಿಗಿಟ್ಟು ಹೊರಗೆ ಹೋಗುವಂತಿಲ್ಲ, ಎರಡನೇ ಕಾರ್ಡು ಕೇಳಿ ಪಡೆಯಿರಿ.

ಇಂಟರ್ನೆಟ್ಟಿಗೆ ತೊಂದರೆಯಿಲ್ಲ. 2020ರ ಆಗಸ್ಟಿನಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಊರೊಳಗೆ ಯುಪಿಐ ಕೂಡ ಸಲೀಸು.

ಇನ್ನು ಈ ಹೋಟೆಲಿನ ದೊಡ್ಡ ಲೋಪ. ತಿಂಡಿ ಏಳೂವರೆಯಿಂದ, ಚೆಕ್-ಔಟ್ ಎಂಟಕ್ಕೆ. ಅಂಡಮಾನಿನಲ್ಲಿ ಎಂಟು ಒಂಬತ್ತಕ್ಕೆ ರೂಮು ಖಾಲಿ ಮಾಡಿಸುವುದು ಮಾಮೂಲು, ಬೆಳಗಿನ ವಿಮಾನದಲ್ಲಿ ಬಂದವರಿಗೆ ಮಧ್ಯಾಹ್ನಕ್ಕೆ ರೂಮು ಸಿದ್ಧವಾಗಬೇಕಲ್ಲ. ಅದರಲ್ಲಿ ತಪ್ಪೇನಿಲ್ಲ, ಆದರೆ ತಿಂಡಿಯನ್ನು ಅದಕ್ಕೆ ಹೊಂದಿಸಬೇಕಿತ್ತು. ಹ್ಯಾವ್‌ಲಾಕಿಗೆ ಹೋಗುವ ಮೊದಲ ದೋಣಿಗಳು ಆರು ಆರೂವರೆಯ ಹೊತ್ತಿಗೇ ಹೊರಡುತ್ತವೆ, ಜೆಟ್ಟಿಯಲ್ಲಿ ಒಂದು ಗಂಟೆ ಮೊದಲೇ ಇರಬೇಕು. ಬಾರಾಟಾಂಗಿನ ಮೊದಲ ಕಾನ್ವಾಯ್ (ಬೆಂಗಾವಲಿನಲ್ಲಿ ಒಟ್ಟಾಗಿ ಹೋಗುವ ವಾಹನಗಳ ಸಾಲು) ಜಿರ್ಕಾಟಾಂಗ್ ಗೇಟಿನಿಂದ ಬಿಡುವುದು ಆರಕ್ಕೆ, ಸಾಲಿನಲ್ಲಿ ಮುಂದೆ ನಿಲ್ಲಬೇಕೆಂದು ಟ್ಯಾಕ್ಸಿಯವರು ಮೂರೂವರೆಗೇ ಬಾಗಿಲು ತಟ್ಟುತ್ತಾರೆ. ‘ತಿಂಡಿ ಸಹಿತ’ ಎಂದು ದುಡ್ಡು ಕೊಟ್ಟ ಅರ್ಧಕ್ಕರ್ಧ ಜನ ಅದನ್ನು ತಿನ್ನುವುದೇ ಇಲ್ಲ. ಕಟ್ಟಿಕೊಡಿ ಎಂದರೆ ಕೊಡುತ್ತಾರೆ, ಆದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಿರಬೇಕು, ರಿಸೆಪ್ಷನ್ನಿನಲ್ಲಿ ಬರೆಸಿರಬೇಕು. ಡಬ್ಬಿಯಲ್ಲಿರುವುದು ನಾಲ್ಕು ತುಂಡು ಬ್ರೆಡ್ಡು, ಜಾಮು, ಒಂದು ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರು ಅದನ್ನೂ ಮುಂಚೆಯೇ ಹೇಳಬೇಕು, ಇಲ್ಲದಿದ್ದರೆ ಬದಲಿಗೆ ಏನೂ ಇರುವುದಿಲ್ಲ. ಕೂತು ತಿನ್ನಲು ಸಿಕ್ಕಿದವರಿಗೆ ಪೂರಿ-ಸಾಗು ಚೆನ್ನಾಗಿದೆ, ಇಡ್ಲಿ ಗಟ್ಟಿ. ಕಾಫಿಯ ಬಗ್ಗೆ ಆಸೆ ಬೇಡ. ದ್ವೀಪದಲ್ಲಿ ಹಸಿ ಹಾಲಿಗೆ ಬರ, ಪುಡಿ ಹಾಲಿನದೇ ಓಡಾಟ, ಡಿಕಾಕ್ಷನ್ ಎಷ್ಟೇ ಗಟ್ಟಿಯಿದ್ದರೂ ಆ ರುಚಿ ಮರೆಯಾಗದು.

ರಾತ್ರಿಯೂಟಕ್ಕೆ ಹೊರಗೇ ಹೋಗಿ. ಜಾಗದ ದೃಷ್ಟಿಯಿಂದ ಈ ಹೋಟೆಲಿಗೆ ಪೂರ್ತಿ ಅಂಕ. ಅಬರ್ಡೀನ್ ಬಜಾರಿನಲ್ಲಿ ಸಸ್ಯಾಹಾರಿಗಳಿಗೆ ಅನ್ನಪೂರ್ಣ ಇದೆ, ಮೀನು ತಿನ್ನುವವರಿಗೆ ಬಂಗಾಳಿ, ತಮಿಳು ಅಡುಗೆಯ ಚಿಕ್ಕ ಊಟದ ಮನೆಗಳಿವೆ. ಸೆಲ್ಯುಲಾರ್ ಜೈಲಿನ ಧ್ವನಿ-ಬೆಳಕು ಮುಗಿಸಿಕೊಂಡು ಇಳಿದು ಬರಲೂ ಹತ್ತಿರ. ಊರೆಲ್ಲ ಏರು ಇಳಿಜಾರು, ಮಂಡಿನೋವಿನವರಿಗೆ ವಾಪಸು ಬರುವಾಗ ಆಟೋ ಬೇಕಾದೀತು. ಮೀಟರಿಲ್ಲ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ದೋಣಿಗೆ ಹೋಗುವಾಗ ‘ಜೆಟ್ಟಿ’ ಎಂದಷ್ಟೇ ಹೇಳಿದರೆ ಕೆಡುತ್ತದೆ. ಸರ್ಕಾರಿ ದೋಣಿ ಫೀನಿಕ್ಸ್ ಬೇಯಿಂದ, ಖಾಸಗಿಯವು ಹ್ಯಾಡೋ ಕಡೆಯಿಂದ. ಟಿಕೆಟ್ಟು ನೋಡಿ ಹೇಳಿ.

ಬಿಲ್ಲಿನಲ್ಲಿ ಒಂದು ಗೆರೆ ನೆನಪಿಡಿ: 7,500 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ಅಷ್ಟರವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 18. ರೂಮು 7,500 ಇದ್ದರೆ ಕೊಡಬೇಕಾದ್ದು 7,875. 7,600 ಆದರೆ 8,968. ನೂರು ರೂಪಾಯಿಗೆ ಸಾವಿರದ ಏಟು! ಹೊಸ ವರ್ಷದ ಹೊತ್ತಿಗೆ ಇಲ್ಲಿನ ದರ ಈ ಗೆರೆಯ ಆಚೆ ಈಚೆ ಆಡುತ್ತಿರುತ್ತದೆ. ರಾತ್ರಿಯೂಟವನ್ನೂ ಸೇರಿಸಿದ ಪ್ಯಾಕೇಜಿನಲ್ಲಿ ಒಟ್ಟು ಮೊತ್ತ ಗೆರೆ ದಾಟುವ ಹಾಗಿದ್ದರೆ ಊಟ ಬಿಟ್ಟು ರೂಮು ಮಾತ್ರ ತೆಗೆದುಕೊಳ್ಳಿ. ರೆಸ್ಟೋರೆಂಟಿನ ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಎಂದು ಶೇ 10 ತಾನಾಗಿ ಸೇರಿಕೊಂಡಿರುತ್ತದೆ. ಹಾಗೆ ಕೇಳದೆ ಸೇರಿಸಬಾರದು ಎಂಬ ಗ್ರಾಹಕ ಪ್ರಾಧಿಕಾರದ 2022ರ ನಿಯಮವನ್ನು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಎಂದರೆ ತಕರಾರಿಲ್ಲದೆ ತೆಗೆಯುತ್ತಾರೆ.

ಸಿಬ್ಬಂದಿಯಲ್ಲಿ ಹೆಚ್ಚಿನವರು ಹುಡುಗರು, ಕೆಲಸ ಇನ್ನೂ ಕಲಿಯುತ್ತಿದ್ದಾರೆ, ಕರೆದರೆ ಓಡಿಬರುತ್ತಾರೆ. ಒಂದೇ ಒಂದು ವಿಷಯಕ್ಕೆ ಮಾಲೀಕರನ್ನು ಬೈಯಬೇಕು. ಎರಡನೇ ಮೆಟ್ಟಿಲದಾರಿಯ ಬಾಗಿಲ ಹಿಂದೆ ಉಳಿದ ಟೈಲ್ಸು, ಹಾಸಿಗೆಯ ಪ್ಲಾಸ್ಟಿಕ್ಕು ತುಂಬಿಟ್ಟಿದ್ದಾರೆ. ಭೂಕಂಪದ ಅಪಾಯ ಹೆಚ್ಚಿರುವ ದ್ವೀಪ ಇದು, 2004ರ ಡಿಸೆಂಬರಿನ ಭೂಕಂಪ, ಸುನಾಮಿಯನ್ನು ಯಾರೂ ಮರೆತಿಲ್ಲ. ನೆಲ ನಡುಗುವಾಗ ಲಿಫ್ಟು ನಂಬಿಕೊಂಡು ಇಳಿಯುವಂತಿಲ್ಲ. ರೂಮಿಗೆ ಹೋದ ತಕ್ಷಣ ಆ ಮೆಟ್ಟಿಲನ್ನು ಒಮ್ಮೆ ಇಳಿದು ನೋಡಿ, ದಾರಿ ಕಟ್ಟಿದ್ದರೆ ರಿಸೆಪ್ಷನ್ನಿನ ದೂರು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ.