ಸೀರೆ ಅಂಗಡಿಯವಳಿಗೆ ಸಂಜೆಯ ಇಂಗ್ಲಿಷ್ ಕ್ಲಾಸು

ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊರರಾಜ್ಯದ ಗಿರಾಕಿ ಬಂದರೆ ಸೀರೆ ಬಿಡಿಸಿ ಹಾಕುವುದು ನಾನು, ಮಾತಾಡುವುದು ಪಕ್ಕದ ಹುಡುಗ. ಇದು ಸಾಕಾಗಿ, ಮನೆ ಹತ್ತಿರವೇ ಇದ್ದ ಒಂದು ಸಂಜೆ ಕ್ಲಾಸಿಗೆ ಸೇರಿದೆ. 2 ತಿಂಗಳು, ವಾರಕ್ಕೆ 3 ದಿನ, ಫೀಸು 3,500 ರೂಪಾಯಿ.

ನನಗೆ ತುಂಬಾ ಹಿಡಿಸಿದ್ದು ಭೂತಕಾಲದ ಪಾಠ. ‘ಐ ಡಿಡಂಟ್ ವೆಂಟ್’ ಅನ್ನುವುದು ನನ್ನ ಹಳೇ ತಪ್ಪು. ಮೇಡಂ ನಿಯಮ ಬರೆಸಲಿಲ್ಲ. “ಹೋದೆ, ಹೋಗಲಿಲ್ಲ ಅಂತೀರಿ. ಹೋದಲಿಲ್ಲ ಅಂತೀರಾ?” ಎಂದು ಕೇಳಿದರು. ಅಷ್ಟೇ. ಕನ್ನಡದಲ್ಲೂ ‘ಇಲ್ಲ’ ಸೇರಿದ ಕೂಡಲೇ ‘ಹೋದೆ’ ಉಳಿಯುವುದಿಲ್ಲ, ಅಲ್ವಾ? ಹಾಗೇ ‘ಡಿಡಂಟ್’ ಬಂದರೆ ‘ವೆಂಟ್’ ಹೋಗಿ ‘ಗೋ’ ಬರುತ್ತದೆ. ಆಮೇಲೆ ನನ್ನ ಕೆಲಸದಿಂದಲೇ ಮಾತು ತೆಗೆದರು. ತೋರಿಸಿದೆ ಅಂದರೆ ‘ಶೋಡ್’. ತೋರಿಸುತ್ತಿದ್ದೆ, ‘ವಾಸ್ ಶೋಯಿಂಗ್’. ತೋರಿಸಿದ್ದೇನೆ, ‘ಹ್ಯಾವ್ ಶೋನ್’. ತೋರಿಸಿದ್ದೆ, ‘ಹ್ಯಾಡ್ ಶೋನ್’. ಎಲ್ಲವೂ ನಮ್ಮ ಬಾಯಲ್ಲಿ ಮೊದಲೇ ಇದ್ದವು! ಒಂದು ಕಡೆ ಮಾತ್ರ ಎಚ್ಚರ ಬೇಕು. ‘ನಿನ್ನೆಯೇ ತೋರಿಸಿದ್ದೇನೆ’ ಎಂದು ನಾವು ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಜೊತೆ ‘ಹ್ಯಾವ್ ಶೋನ್’ ಬರುವುದಿಲ್ಲ, ‘ಶೋಡ್’ ಅನ್ನಬೇಕು.

‘ಮಚ್’, ‘ಮೆನಿ’ ಪಾಠದ ದಿನ ನಾನು ವಾದಕ್ಕೇ ಇಳಿದೆ. ನಮಗೆ ‘ಎಷ್ಟು’ ಒಂದೇ ಸಾಕು. ಎಣಿಸಲು ಬರುವುದಕ್ಕೆ ‘ಮೆನಿ’, ಬಾರದ್ದಕ್ಕೆ ‘ಮಚ್’ ಅಂದರು. ಹಾಗಾದರೆ ದುಡ್ಡಿಗೆ ಯಾಕೆ ‘ಮಚ್’? ದಿನಾ ರಾತ್ರಿ ಗಲ್ಲಾದಲ್ಲಿ ಎಣಿಸುವವಳು ನಾನೇ. “ನೀವು ಎಣಿಸೋದು ನೋಟು, ರೂಪಾಯಿ. ಒಂದು ಮನಿ, ಎರಡು ಮನಿ ಅಂತ ಎಣಿಸ್ತೀರಾ?” ಎಂದರು. ಒಪ್ಪಿಕೊಂಡೆ. ‘ಅ ಫ್ಯೂ ಸಾರೀಸ್’ ಅಂದರೆ ಒಂದಷ್ಟು ಸೀರೆ ಇವೆ. ಬರೀ ‘ಫ್ಯೂ’ ಅಂದರೆ ಹೆಚ್ಚೇನೂ ಇಲ್ಲ. ಗಿರಾಕಿ ಕೂರುವುದೂ ಎದ್ದು ಹೋಗುವುದೂ ಆ ಪುಟ್ಟ ‘ಅ’ ಮೇಲೆ ನಿಂತಿದೆ.

ಅಂಗಡಿ ಮಾತಿನ ಪಾಠ ಮಾತ್ರ ಸಪ್ಪೆ. ಕೊಟ್ಟ ಝೆರಾಕ್ಸ್ ಹಾಳೆಗಳ ತುಂಬಾ ಪೌಂಡು, ಚೀಸು, ಟ್ರಾಲಿ. ಚೌಕಾಸಿ ಮಾಡುವ ಒಂದು ಮಾತೂ ಇಲ್ಲ. ಸೆರಗು, ಅಂಚಿನ ಸುದ್ದಿಯೇ ಇಲ್ಲ. ಕೇಳಿದ ಮೇಲೆ ಮೇಡಂ ‘ಪಲ್ಲು’, ‘ಬಾರ್ಡರ್’ ಎಂದು ಬೋರ್ಡಿನ ಮೇಲೆ ಬರೆದರು. ಆದರೆ ‘ಫಿಟ್’ ಮತ್ತು ‘ಸೂಟ್’ ಬೇರೆ ಬೇರೆ ಎಂದು ಗೊತ್ತಾಗಿದ್ದು ಇಲ್ಲೇ. ಅಳತೆ ಸರಿಯಾದರೆ ‘ಫಿಟ್’. ಬಣ್ಣ ಮೈಗೆ ಒಪ್ಪಿದರೆ ‘ಸೂಟ್’. ಸೀರೆ ಮಾರುವವರಿಗೆ ಎರಡನೆಯದೇ ಜಾಸ್ತಿ ಬೇಕು. ಈಗ ‘ದಿಸ್ ಕಲರ್ ಸೂಟ್ಸ್ ಯು’ ಎಂದು ಧೈರ್ಯವಾಗಿ ಹೇಳುತ್ತೇನೆ.

ಒಂದು ಬ್ಯಾಚಿಗೆ 28 ಜನರನ್ನು ತುಂಬಿಸಿದ್ದು ತಪ್ಪು. ಒಬ್ಬೊಬ್ಬರಿಗೆ ಮಾತಾಡಲು ಸಿಗುವುದು ಎರಡೇ ನಿಮಿಷ. ಬಾಯಿ ಬಿಡದೆ ಭಾಷೆ ಹೇಗೆ ಬಂದೀತು? ಹೊಸದಾಗಿ ಸೇರುವವರು 6 ಗಂಟೆಯದು ಬಿಟ್ಟು 7.30ರ ಬ್ಯಾಚ್ ಕೇಳಿ. ಅಲ್ಲಿ 12 ಜನ ಇದ್ದರು. ಎರಡನೇ ತಿಂಗಳು ನಾನೂ ಅದಕ್ಕೇ ಬದಲಾಯಿಸಿಕೊಂಡೆ.