ಖಾಲಿ ಬಿದ್ದ ಹಂದಿ ಶೆಡ್ ಹಿಡಿಯುವ ಮುಂಚೆ ಗೋಡೆ ಕೆರೆದು ನೋಡಿ

ಹಂದಿ ಸಾಕುವವರು, ಸಾಕಬೇಕು ಅಂತ ಯೋಚನೆಯಲ್ಲಿರುವವರು ಇದನ್ನೊಮ್ಮೆ ಓದಿ. ನಾವು ನಲವತ್ತೊಂದು ಹಂದಿ ಕಳೆದುಕೊಂಡೆವು. ಕಳೆದುಕೊಂಡದ್ದು ಕೊಳಕಿನಿಂದಲ್ಲ, ಕೆಟ್ಟ ಮೇವಿನಿಂದಲೂ ಅಲ್ಲ. ಗೋಡೆಯ ಬಿರುಕಿನಿಂದ.

ಕೆಲವು ವರ್ಷದ ಹಿಂದೆ ನಾನು ಕೆಲಸಕ್ಕೆಂದು ಆಫ್ರಿಕಾದಲ್ಲಿದ್ದೆ. ಕೆಲಸದ ಜೊತೆಗೆ ಗೆಳೆಯನೊಬ್ಬನ ಪಾಲುದಾರಿಕೆಯಲ್ಲಿ ಹಂದಿ ಸಾಕಣೆಗೆ ಕೈಹಾಕಿದೆ. ಹಳೆಯದೊಂದು ಜಾಗ ಬಾಡಿಗೆಗೆ ಸಿಕ್ಕಿತು. ಒಂದು ಹಳೇ ಮಣ್ಣಿನ ಶೆಡ್, ಅದರ ಪಕ್ಕದಲ್ಲೇ ಸಿಮೆಂಟ್ ಇಟ್ಟಿಗೆಯ ಒಂದು ಹೊಸ ಶೆಡ್. ಹಿಂದೆ ಅಲ್ಲಿದ್ದ ಹಂದಿಗಳೆಲ್ಲ ಜ್ವರ ಬಂದು ಸತ್ತಿದ್ದವು ಅಂತ ಮಾಲೀಕರೇ ಹೇಳಿದರು. ಮುಚ್ಚಿಡಲಿಲ್ಲ, ಅದನ್ನು ಒಪ್ಪಬೇಕು. "ಆದರೆ ಎರಡೂವರೆ ವರ್ಷದಿಂದ ಖಾಲಿ ಬಿದ್ದಿದೆ, ಇನ್ನೂ ಯಾವ ರೋಗ ಉಳಿದಿರುತ್ತೆ?" ಅಂದರು. ನಮಗೂ ಹೌದಲ್ವಾ ಅನಿಸಿತು. ರೋಗ ಬಂದ ಜಾಗವನ್ನು ಒಂದಷ್ಟು ತಿಂಗಳು ಖಾಲಿ ಬಿಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಎರಡೂವರೆ ವರ್ಷ ಅಂದರೆ ಧಾರಾಳ.

ನಾವು ಸುಮ್ನೆ ಹಂದಿ ತಂದು ಬಿಟ್ಟವರಲ್ಲ. ನೆಲದ ಹಳೇ ಗೊಬ್ಬರ ಕೆರೆದು ತೆಗೆದೆವು. ಬ್ಲೀಚಿಂಗ್ ಪೌಡರ್ ಹಾಕಿ ಮೂರು ಸಲ ತೊಳೆದೆವು. ಸುಣ್ಣ ಬಳಿದೆವು. ಬಾಗಿಲಲ್ಲಿ ಕಾಲು ಅದ್ದಿಕೊಂಡು ಬರಲು ಔಷಧಿ ನೀರಿನ ತೊಟ್ಟಿ ಇಟ್ಟೆವು. ಹೋಟೆಲ್ ಮುಸುರೆ ಹಾಕಲೇಬಾರದು ಅಂತ ನಿಯಮ ಮಾಡಿಕೊಂಡೆವು, ಕೊನೆಯವರೆಗೂ ಹಾಕಲಿಲ್ಲ. ಹಂದಿಗಳನ್ನು ರೋಗವಿಲ್ಲದ ಫಾರಂನಿಂದಲೇ ತಂದೆವು. ಗಬ್ಬದ ತಾಯಿ ಹಂದಿ ಆರು, ಗಂಡು ಒಂದು, ಬೆಳೆಯುವ ಮರಿ ಮೂವತ್ತನಾಲ್ಕು. ಮಣ್ಣಿನ ಶೆಡ್ ತಂಪು ಅಂತ ತಾಯಿ ಹಂದಿಗಳನ್ನೂ ಗಂಡನ್ನೂ ಅಲ್ಲಿ ಬಿಟ್ಟೆವು. ಮರಿಗಳು ಹೊಸ ಶೆಡ್ಡಿಗೆ.

ಸುಳಿವು ಅದಕ್ಕೂ ಮುಂಚೆಯೇ ಸಿಕ್ಕಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ರಿಪೇರಿ ನಡೆಯುವಾಗ ಒಬ್ಬ ವಯಸ್ಸಾದ ಕಾವಲುಗಾರರು ಹಳೇ ಶೆಡ್ಡಿನ ಮೂಲೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ವಾರ ಕಳೆಯುವುದರೊಳಗೆ, "ರಾತ್ರಿ ಏನೋ ಕಚ್ಚುತ್ತೆ ಸಾರ್, ಬೆಳಗ್ಗೆ ನೋಡಿದರೆ ಏನೂ ಇರಲ್ಲ" ಅಂದರು. ಕಾಲ ಮೇಲೆ ಕೆಂಪು ಗುಳ್ಳೆ ಎದ್ದಿದ್ದವು. ತಿಗಣೆ ಇರಬೇಕು ಅಂತ ಚಾಪೆ ಬಿಸಿಲಿಗೆ ಹಾಕಿಸಿದೆವು, ಹೊಸ ಚಾಪೆ ಕೊಡಿಸಿದೆವು. ಆಮೇಲೆ ಅವರಿಗೆ ಜ್ವರ ಬಂತು. ಮೂರು ದಿನ ಕಾಡಿ ಬಿಟ್ಟಿತು. ವಾರ ಬಿಟ್ಟು ಮತ್ತೆ ಬಂತು. ಮಲೇರಿಯಾ ಮಾತ್ರೆ ತಂದುಕೊಟ್ಟು ನಮ್ಮ ಕೆಲಸ ಮುಗೀತು ಅಂದುಕೊಂಡೆವು. ಹಂದಿ ಶೆಡ್ಡಿನಲ್ಲಿ ಮಲಗಿದ ಮನುಷ್ಯನ ಕಾಲಿನ ಗುಳ್ಳೆಗೂ ಹಂದಿಗೂ ಏನಾದರೂ ಸಂಬಂಧ ಇದ್ದೀತು ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಹಂದಿ ಬಿಟ್ಟ ಹನ್ನೊಂದನೇ ದಿನ ಒಂದು ತಾಯಿ ಹಂದಿ ಮೇವು ಮುಟ್ಟಲಿಲ್ಲ. ಥರ್ಮಾಮೀಟರ್ ಇಟ್ಟರೆ 41 ಡಿಗ್ರಿ ದಾಟಿತ್ತು. ಆ್ಯಂಟಿಬಯಾಟಿಕ್ ಚುಚ್ಚಿದೆವು. ಮರುದಿನ ಗಬ್ಬ ಹಾಕಿತು. ಕಿವಿ ತುದಿ, ಹೊಟ್ಟೆಯ ಅಡಿ ಮೊದಲು ಕೆಂಪಾಗಿ, ಆಮೇಲೆ ನೀಲಿಗೆ ತಿರುಗಿತು. ನಾಲ್ಕನೇ ದಿನ ಸತ್ತಿತು. ಅಷ್ಟರಲ್ಲಿ ಇನ್ನೆರಡು ಮಲಗಿದ್ದವು. ಹಳೇ ಶೆಡ್ಡಿನ ಏಳೂ ಹೋದವು.

ಆಗ ನಾವು ಮಾಡಿದ್ದೇನು ಗೊತ್ತಾ? ಮರಿಗಳ ಕಿವಿಯಲ್ಲಿ ಒಂದೆರಡು ಉಣ್ಣಿ ಕಂಡಿದ್ದವು. ಉಣ್ಣಿಯಿಂದ ಹಂದಿ ಜ್ವರ ಹರಡುತ್ತೆ ಅಂತ ಗೆಳೆಯ ಎಲ್ಲೋ ಓದಿದ್ದ. ಸರಿ, ಉಣ್ಣಿ ಔಷಧಿ ತಂದು ಮೂವತ್ತನಾಲ್ಕು ಮರಿಗೂ ಮೈತುಂಬ ಹೊಡೆದೆವು. ಹಳೇ ಶೆಡ್ಡಿನಲ್ಲಿ ಸತ್ತ ಹಂದಿ ಎಳೆದು ಹಾಕಿದ ಹುಡುಗರೇ, ಅದೇ ಬೂಟಿನಲ್ಲಿ, ಹೊಸ ಶೆಡ್ಡಿಗೆ ಬಂದು ಮರಿ ಹಿಡಿದುಕೊಟ್ಟರು. ಉಳಿದಿದ್ದ ಮರಿಗಳಿಗೂ ರೋಗವನ್ನು ನಾವೇ ಕೈಯಾರೆ ತಲುಪಿಸಿದೆವು. ಹತ್ತು ದಿನದಲ್ಲಿ ಅಲ್ಲೂ ಶುರುವಾಯಿತು. ಕೊನೆಗೆ ಉಳಿದದ್ದು ಮೂರು ಮರಿ. ಲ್ಯಾಬ್ ವರದಿ ಬಂದ ಮೇಲೆ ಅವನ್ನೂ ಇಲಾಖೆಯವರು ಕೊಂದು ಹೂಳಿಸಿದರು.

ವರದಿಯಲ್ಲಿದ್ದದ್ದು ಆಫ್ರಿಕನ್ ಹಂದಿ ಜ್ವರ. ಇದು ಮಾಮೂಲಿ ಹಂದಿ ಜ್ವರ ಅಲ್ಲ. ನೋಡಲು ಎರಡೂ ಒಂದೇ ಥರ, ಲ್ಯಾಬ್ ಇಲ್ಲದೆ ಹೇಳಲಾಗದು. ಆದರೆ ವೈರಸ್ ಬೇರೆ. ಮಾಮೂಲಿ ಹಂದಿ ಜ್ವರಕ್ಕೆ ಹಾಕುವ ಲಸಿಕೆ ಇದಕ್ಕೆ ನಾಟುವುದಿಲ್ಲ. ಔಷಧಿಯಂತೂ ಇಲ್ಲ. ಮನುಷ್ಯರಿಗೆ ಇದು ತಗಲುವುದಿಲ್ಲ ಅನ್ನುವುದೊಂದೇ ಸಮಾಧಾನ.

ತನಿಖೆಗೆ ಬಂದ ಸರ್ಕಾರಿ ಪಶುವೈದ್ಯೆ ಮೇವಿನ ಬಗ್ಗೆ, ಬಂದುಹೋದವರ ಬಗ್ಗೆ, ಗಾಡಿಗಳ ಬಗ್ಗೆ ಕೇಳಿ ಬರೆದುಕೊಂಡರು. ಆಮೇಲೆ, "ಇಲ್ಲಿ ರಾತ್ರಿ ಯಾರಾದರೂ ಮಲಗುತ್ತಾರಾ?" ಅಂದರು. ಕಾವಲುಗಾರರನ್ನು ಕರೆದೆವು. ಅವರು ಪಂಚೆ ಸರಿಸಿ ಕಾಲು ತೋರಿಸಿದ್ದೇ ತಡ, ಆಕೆ ಬೇರೇನೂ ಕೇಳಲಿಲ್ಲ. ಟಾರ್ಚ್ ಹಿಡಿದು ಹಳೇ ಶೆಡ್ಡಿಗೆ ಹೋದರು. ಗೋಡೆ ನೆಲಕ್ಕೆ ಸೇರುವ ಕಡೆ, ಮರದ ಕಂಬದ ಬುಡದಲ್ಲಿ, ಬಿರುಕುಗಳಲ್ಲಿ ಚಮಚದಿಂದ ಮಣ್ಣು ಕೆರೆದು ಬಿಳಿ ತಟ್ಟೆಗೆ ಹಾಕಿಕೊಂಡರು. ಹೊರಗೆ ತಂದು ಬಿಸಿಲಿಗಿಟ್ಟು, "ಸ್ವಲ್ಪ ಹೊತ್ತು ನೋಡುತ್ತಿರಿ" ಅಂದರು.

ನನಗೆ ಕಂಡದ್ದು ಬರೀ ಮಣ್ಣಿನ ಹೆಂಟೆ. ಐದಾರು ನಿಮಿಷ ಆಯಿತು. ಒಂದು ಹೆಂಟೆ ಕಾಲು ಚಾಚಿ ನಡೆಯತೊಡಗಿತು. ಹಿಂದೆಯೇ ಇನ್ನೊಂದು.

ನಾವು ಹಂದಿ ಕಿವಿಯಲ್ಲಿ ನೋಡಿದ ಉಣ್ಣಿ ಬೇರೆ, ಇದು ಬೇರೆ. ಇಡೀ ಕಥೆಯಲ್ಲಿ ಮುಖ್ಯವಾದದ್ದೇ ಈ ವ್ಯತ್ಯಾಸ. ಕಿವಿಗೆ, ತೊಡೆ ಸಂದಿಗೆ ಕಚ್ಚಿಕೊಂಡು ದಿನಗಟ್ಟಲೆ ನೇತಾಡುತ್ತಲ್ಲ, ಅದು ಗಟ್ಟಿ ಉಣ್ಣಿ. ಬೆನ್ನ ಮೇಲೆ ಗಟ್ಟಿ ಚಿಪ್ಪಿರುತ್ತೆ. ಅದು ಬೇರೆ ಎಷ್ಟೋ ರೋಗ ತರುತ್ತೆ, ಬಿಡಿ, ಆದರೆ ಈ ಜ್ವರದ ವೈರಸ್ ಅದರೊಳಗೆ ಬೆಳೆಯುವುದು ಕಂಡಿಲ್ಲ. ಗೋಡೆಯಲ್ಲಿದ್ದದ್ದು ಮೆದು ಉಣ್ಣಿ. ಮಣ್ಣಿನ ಬಣ್ಣ, ಚರ್ಮದಂತೆ ಸುಕ್ಕು ಸುಕ್ಕು ಮೈ, ಬಾಯಿ ಹೊಟ್ಟೆಯ ಕಡೆಗೆ, ಮೇಲಿಂದ ನೋಡಿದರೆ ತಲೆಯೇ ಕಾಣದು. ಇದರ ಕುಲದ ಹೆಸರು ಆರ್ನಿಥೊಡೊರಸ್. ಹಂದಿಯ ಮೈಮೇಲೆ ಇದು ವಾಸ ಮಾಡುವುದಿಲ್ಲ. ರಾತ್ರಿ ಬರುತ್ತೆ, ಅರ್ಧ ಗಂಟೆಯ ಆಸುಪಾಸಿನಲ್ಲಿ ರಕ್ತ ಹೀರುತ್ತೆ, ಬಿರುಕಿಗೆ ವಾಪಸ್ ಹೋಗುತ್ತೆ. ಹಗಲಲ್ಲಿ ಹಂದಿಯನ್ನು ಎಷ್ಟು ತಡವಿ ನೋಡಿದರೂ ಒಂದೂ ಸಿಗುವುದಿಲ್ಲ. ಮುಟ್ಟಿದರೆ ಸತ್ತಂತೆ ಬಿದ್ದಿರುತ್ತೆ. ಹಾಗಾಗಿ ಮೈಮೇಲೆ ಔಷಧಿ ಹೊಡೆದ ನಮ್ಮ ಜಾಣತನ ಎಷ್ಟರದ್ದು ಅಂತ ಲೆಕ್ಕ ಹಾಕಿಕೊಳ್ಳಿ.

ಇನ್ನು ಎರಡೂವರೆ ವರ್ಷದ ಮಾತು. ಈ ಉಣ್ಣಿ ಒಂದೂಟ ಮಾಡಿ ವರ್ಷಗಟ್ಟಲೆ ಉಪವಾಸ ಇರಬಲ್ಲದು. ಕಾಯಿಲೆ ಹಂದಿಯ ರಕ್ತ ಕುಡಿದರೆ ವೈರಸ್ ಅದರ ಹೊಟ್ಟೆಯಲ್ಲಿ ಬೆಳೆಯುತ್ತೆ, ಮೈಯೆಲ್ಲ ಹಬ್ಬುತ್ತೆ, ಪೊರೆ ಬಿಟ್ಟು ದೊಡ್ಡದಾದರೂ ಹೋಗುವುದಿಲ್ಲ. ಆಫ್ರಿಕಾದ ಜಾತಿಯಲ್ಲಿ ಮೊಟ್ಟೆಗೂ ದಾಟುತ್ತೆ, ಕೂಡುವಾಗ ಗಂಡಿನಿಂದ ಹೆಣ್ಣಿಗೂ ದಾಟುತ್ತೆ. ಪೋರ್ಚುಗಲ್‌ನಲ್ಲಿ ರೋಗ ಬಂದುಹೋದ ಫಾರಂಗಳ ಉಣ್ಣಿ ಹಿಡಿದು ಪರೀಕ್ಷಿಸಿದಾಗ, ಹಂದಿ ಖಾಲಿ ಮಾಡಿ 5 ವರ್ಷ ದಾಟಿದ ಮೇಲೂ ಅವುಗಳಲ್ಲಿ ಜೀವಂತ ವೈರಸ್ ಸಿಕ್ಕಿದೆ. ನಮ್ಮದು ಅದರ ಅರ್ಧ. ಗೊಬ್ಬರದಲ್ಲಿದ್ದ ವೈರಸ್ ಎಂದೋ ಸತ್ತಿತ್ತು. ನಮ್ಮ ಬ್ಲೀಚಿಂಗ್ ಪೌಡರ್ ಆಗಲೇ ಸತ್ತುಹೋಗಿದ್ದನ್ನು ಮತ್ತೆ ಸಾಯಿಸಿತು, ಅಷ್ಟೆ. ಬದುಕಿದ್ದದ್ದು ಗೋಡೆಯೊಳಗೆ ಬೆಚ್ಚಗೆ ಕೂತು ನಾವು ಹಂದಿ ತರುವುದನ್ನೇ ಕಾಯುತ್ತಿತ್ತು.

ಆ ಮೇಲೆ ನಾನು ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೊದಲ ವರದಿ 1921ರದ್ದು, ಕೀನ್ಯಾದಿಂದ, ಮಾಂಟ್ಗೊಮರಿ ಎಂಬವರು ಬರೆದದ್ದು. ಆಫ್ರಿಕಾದ ಕಾಡಿನಲ್ಲಿ ವಾರ್ಟ್‌ಹಾಗ್ ಅಂತ ಒಂದು ಜಾತಿ ಹಂದಿ ಇದೆ, ಬಿಲದಲ್ಲಿ ಇರುತ್ತೆ. ಆ ಬಿಲದಲ್ಲಿ ಈ ಉಣ್ಣಿಗಳ ಸಂಸಾರ. ಹುಟ್ಟಿದ ಮರಿಯನ್ನು ಉಣ್ಣಿ ಕಚ್ಚುತ್ತೆ, ಮರಿಯ ರಕ್ತದಲ್ಲಿ ಎರಡು ಮೂರು ವಾರ ವೈರಸ್ ಓಡಾಡುತ್ತೆ, ಆಗ ಬೇರೆ ಉಣ್ಣಿಗೂ ಸೇರುತ್ತೆ. ಮರಿಗೆ ಏನೂ ಆಗುವುದಿಲ್ಲ. ಬಿಲ, ಮರಿ, ಉಣ್ಣಿ, ಹೀಗೇ ಯಾರಿಗೂ ತೊಂದರೆಯಿಲ್ಲದೆ ಸುತ್ತುತ್ತಿದ್ದ ವೈರಸ್ಸಿಗೆ ನಾವು ಸಾಕುವ ಹಂದಿ ಸಿಕ್ಕಾಗ ಮಾತ್ರ ಮಾರಿಯಾಯಿತು. ಉಣ್ಣಿ, ಸೊಳ್ಳೆಗಳಂಥ ಕೀಟಗಳಿಂದ ಹರಡುವ ವೈರಸ್‌ಗಳ ಪೈಕಿ ಡಿಎನ್‌ಎ ಇರುವುದು ಇದೊಂದರಲ್ಲೇ ಅಂತೆ, ಉಳಿದವೆಲ್ಲ ಆರ್‌ಎನ್‌ಎ. ರೈತನಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ, ನನಗೆ ವಿಚಿತ್ರ ಅನಿಸಿತು.

1957ರಲ್ಲಿ ಇದು ಪೋರ್ಚುಗಲ್‌ಗೆ ಹೋಯಿತು. ವಿಮಾನದಲ್ಲಿ ಉಳಿದ ಊಟದ ಮುಸುರೆಯನ್ನು ಲಿಸ್ಬನ್ ಹತ್ತಿರದ ಹಂದಿಗಳಿಗೆ ಹಾಕಿದ್ದರಿಂದ. ಆ ಸಲ ಹತೋಟಿಗೆ ಬಂದು, 1960ರಲ್ಲಿ ಮತ್ತೆ ಬಂದದ್ದು ಪೋರ್ಚುಗಲ್, ಸ್ಪೇನ್ ಎರಡರಲ್ಲೂ ಮೂವತ್ತು ವರ್ಷಕ್ಕೂ ಜಾಸ್ತಿ ಕಾಡಿತು. ಅಲ್ಲಿನ ಹಳೇ ಕಲ್ಲುಗೋಡೆಯ ಕೊಟ್ಟಿಗೆಗಳಲ್ಲಿ ಇದೇ ಕುಲದ ಇನ್ನೊಂದು ಉಣ್ಣಿ ಮೊದಲಿಂದಲೂ ಇತ್ತು, ವೈರಸ್ ಅದಕ್ಕೂ ಹೊಂದಿಕೊಂಡಿತು. 1963ರಲ್ಲಿ ಸ್ಪೇನಿನಲ್ಲಿ ಅದನ್ನು ಪತ್ತೆ ಹಚ್ಚಿದಾಗಲೇ ಉಣ್ಣಿಯ ಪಾತ್ರ ಜಗತ್ತಿಗೆ ಗೊತ್ತಾಗಿದ್ದು. ಪೋರ್ಚುಗಲ್‌ನಲ್ಲಿ ರೋಗ ಹೋಯಿತು ಅಂತ ನಿಟ್ಟುಸಿರು ಬಿಟ್ಟ ಕೆಲ ವರ್ಷಕ್ಕೆ, 1999ರಲ್ಲಿ, ಒಂದು ಫಾರಂನಲ್ಲಿ ದಿಢೀರ್ ಮತ್ತೆ ಕಂಡಿತು. ಅದಕ್ಕೂ ಉಣ್ಣಿಯೇ ಕಾರಣ ಅಂದರು. ನಮ್ಮ ಕಥೆಯನ್ನೇ ಬೇರೆ ಯಾರೋ ಬರೆದಿಟ್ಟಂತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲದಕ್ಕೂ ಉಣ್ಣಿಯನ್ನೇ ದೂರಬೇಡಿ. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದ ಮೇಲೆ ಈ ರೋಗ ರಷ್ಯಾ, ಯುರೋಪು ದಾಟಿ 2018ರಲ್ಲಿ ಚೀನಾಕ್ಕೆ, 2020ರಲ್ಲಿ ಭಾರತದ ಅಸ್ಸಾಂ, ಅರುಣಾಚಲಕ್ಕೆ ಬಂತು. ಅಷ್ಟು ದೂರ ಹೊತ್ತು ತಂದದ್ದು ಉಣ್ಣಿ ಅಲ್ಲ. ಉಣ್ಣಿ ತಾನಾಗಿ ಹತ್ತು ಮಾರು ನಡೆಯುವುದೇ ಕಷ್ಟ. ಕಾಯಿಲೆ ಹಂದಿ, ಅದರ ಮಾಂಸ, ಮುಸುರೆ, ಗಾಡಿ, ಬೂಟು, ಕಾಡುಹಂದಿ, ಒಟ್ಟಿನಲ್ಲಿ ಜಾಸ್ತಿ ಪಾಲು ಮನುಷ್ಯರ ಕೈವಾಡವೇ. ನಮ್ಮಲ್ಲೂ ಹಾಗೇ ಆಯಿತು. ಬೆಂಕಿ ಹಚ್ಚಿದ್ದು ಉಣ್ಣಿ, ಹೊಸ ಶೆಡ್ಡಿಗೆ ದಾಟಿಸಿದ್ದು ನಮ್ಮ ಬೂಟು. ಉಣ್ಣಿಯ ಕೆಲಸ ರೋಗವನ್ನು ಊರೂರಿಗೆ ಒಯ್ಯುವುದಲ್ಲ, ಒಂದೇ ಜಾಗದಲ್ಲಿ ಬಚ್ಚಿಟ್ಟುಕೊಂಡು ಕೂರುವುದು. ಮೆದು ಉಣ್ಣಿ ಇಲ್ಲದ ಸೀಮೆಯಲ್ಲಿ ಖಾಲಿ ಬಿಡುವ ಲೆಕ್ಕ ಸರಿಯಾಗಿಯೇ ನಡೆಯುತ್ತೆ. ಇರುವ ಕಡೆ ನಡೆಯುವುದಿಲ್ಲ.

ಹಾಗಾದರೆ ಹಳೇ ಜಾಗ ಹಿಡಿಯುವವರು ಏನು ಮಾಡಬೇಕು? ಮೊದಲು, ಅಲ್ಲಿ ಹಿಂದೆ ಹಂದಿ ಯಾಕೆ ಸತ್ತವು ಅಂತ ಮಾಲೀಕರನ್ನಲ್ಲ, ಪಶುವೈದ್ಯರನ್ನು ಕೇಳಿ. ಎಷ್ಟು ವರ್ಷ ಖಾಲಿ ಇತ್ತು ಅನ್ನುವುದಕ್ಕಿಂತ ಗೋಡೆ ಯಾವುದರದ್ದು ಅನ್ನುವುದು ನೋಡಿ. ಗಾರೆ ಇಲ್ಲದ ಮಣ್ಣು, ಕಲ್ಲು ಅಡುಕಿದ ಗೋಡೆ, ಹುಲ್ಲಿನ ಮಾಡು, ಬಿರುಕು ಬಿಟ್ಟ ಕಂಬ ಇದ್ದರೆ ಕೆರೆದು, ಬಿಳಿ ತಟ್ಟೆಗೋ ಬಟ್ಟೆಗೋ ಹಾಕಿ, ಬಿಸಿಲಲ್ಲಿ ತಾಳ್ಮೆಯಿಂದ ಕಾಯಿರಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಅಲ್ಲಿ ಮಲಗಿದವರು ಕಚ್ಚುತ್ತೆ ಅಂದರೆ ನಗಬೇಡಿ. ಕೆರೆದಾಗ ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ. ನಾಲ್ಕು ಕಡೆ, ನಾಲ್ಕು ದಿನ ನೋಡಿ. ಇಲಾಖೆಯವರು ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಡಿಯುವ ಬೋನು ಇಡಬಲ್ಲರು. ಉಸಿರಿನ ವಾಸನೆ ಅಂತ ನಂಬಿ ಉಣ್ಣಿ ತಾನೇ ಹೊರಗೆ ಬರುತ್ತೆ.

ಉಣ್ಣಿ ಸಿಕ್ಕಿತು ಅಂದರೆ ಔಷಧಿ ಹೊಡೆದು ನಿಭಾಯಿಸುತ್ತೇನೆ ಅನ್ನುವ ಆಸೆ ಬಿಡಿ. ಬಿರುಕಿನ ಆಳಕ್ಕೆ ಔಷಧಿ ಇಳಿಯುವುದಿಲ್ಲ. ಸ್ಪೇನಿನಲ್ಲಿ ರೋಗ ತೊಲಗಿಸುವಾಗ ಉಣ್ಣಿ ಇದ್ದ ಕೊಟ್ಟಿಗೆಗಳನ್ನು ಬಳಕೆಯಿಂದಲೇ ತೆಗೆದರು. ಅಲ್ಲಿ ಹಂದಿ ಕಟ್ಟಬೇಡಿ, ಅಷ್ಟೆ. ದೂರದಲ್ಲಿ ನುಣ್ಣಗೆ ಗಾರೆ ಮಾಡಿದ ಹೊಸ ಶೆಡ್ ಕಟ್ಟಿ, ಹಳೇ ಮರಮುಟ್ಟು ತಂದು ಅದಕ್ಕೆ ಹಾಕಬೇಡಿ. ಒಂದು ಶೆಡ್ಡಿಗೆ ಒಂದು ಜೊತೆ ಬೂಟು. ಜ್ವರ ಬಂದ ಹಂದಿಯನ್ನು ಅವಸರಕ್ಕೆ ಮಾರಬೇಡಿ, ಕಡಿಯಬೇಡಿ. ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತೆ.

ಕಾವಲುಗಾರರದ್ದು ಮಲೇರಿಯಾ ಆಗಿರಲಿಲ್ಲ. ಅದೇ ಉಣ್ಣಿ ಮನುಷ್ಯರಿಗೆ ತರುವ ಮರುಕಳಿಸುವ ಜ್ವರ, ಬ್ಯಾಕ್ಟೀರಿಯಾದ್ದು. ಪಶುವೈದ್ಯೆಯೇ ರಕ್ತ ಪರೀಕ್ಷೆಗೆ ಕಳಿಸಿದರು. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ವಾಸಿಯಾಯಿತು. ನಾವು ಕ್ಷಮೆ ಕೇಳಿದಾಗ ಅವರು, "ನಾನು ಹೇಳಿದ್ದೆನಲ್ಲ ಸಾರ್" ಅಂದರು. ಬೇರೇನೂ ಅನ್ನಲಿಲ್ಲ.

ನಾವು ಆ ಜಾಗ ಬಿಟ್ಟು ಒಂದು ವರ್ಷಕ್ಕೂ ಜಾಸ್ತಿ ಆಯಿತು. ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಮಾಲೀಕರು ಹಳೇ ಶೆಡ್ ಕೆಡವಿಲ್ಲವಂತೆ, ಸುಣ್ಣ ಹೊಡೆಸಿದ್ದಾರಂತೆ. ಬಾಡಿಗೆಗೆ ಕೇಳಲು ಬಂದವರಿಗೆ, ವರ್ಷದಿಂದ ಖಾಲಿ ಇದೆ ಅಂತ ಹೇಳುತ್ತಿದ್ದಾರಂತೆ.