ಮುಂಬೈ ಫೋರ್ಟ್ ವಾಕಿಂಗ್ ಟೂರ್: ಖಂಡಿತ ಹೋಗಿ, ಆದ್ರೆ ಹುತಾತ್ಮ ಚೌಕದಲ್ಲಿ ಅವಸರ ಮಾಡಬೇಡಿ

ಭಾನುವಾರ ಬೆಳಿಗ್ಗೆ ಗೈಡ್ ಜೊತೆ ದಕ್ಷಿಣ ಮುಂಬೈನ ಹಳೇ ಬಡಾವಣೆ ಫೋರ್ಟ್ ಸುತ್ತುವ ಟೂರ್ ಇದು. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲ್ವೆ ಸ್ಟೇಷನ್ನಿಂದ ಹೊರಟು ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಮುಗಿಯುತ್ತೆ. ನಾನು ಧಾರವಾಡದಿಂದ ಬಂದವನು, ಮಾಟುಂಗಾದಲ್ಲಿರುವ ಮಾವನನ್ನೂ ಕರೆದುಕೊಂಡು ಹೋಗಿದ್ದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಗೈಡ್ ಹುಡುಗಿ ಸ್ಟೇಷನ್ ತೋರಿಸಿದ ರೀತಿ ತುಂಬಾ ಹಿಡಿಸಿತು. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ ಕೂತಿವೆ. ಸಿಂಹ ಬ್ರಿಟನ್‌ಗೆ, ಹುಲಿ ಭಾರತಕ್ಕೆ. ಮಾವ ವರ್ಷಗಟ್ಟಲೆ ಇಲ್ಲಿಂದಲೇ ಲೋಕಲ್ ಹಿಡಿದವರು, ಆದ್ರೂ ತಲೆಯೆತ್ತಿ ಅದನ್ನು ನೋಡಿದ್ದು ಅವತ್ತೇ. 2008ರ ನವೆಂಬರ್ 26ರ ರಾತ್ರಿ ಒಳಗೆ ಉಗ್ರರ ಗುಂಡಿಗೆ ಬಲಿಯಾದವರೂ ಹೀಗೇ ಗಾಡಿ ಹಿಡಿಯಲು ಬಂದಿದ್ದ ಜನ. ಅಲ್ಲಿ ಹುಡುಗಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದಳು, ಒಳ್ಳೇದು ಮಾಡಿದಳು.

ನನ್ನ ತಕರಾರು ಹುತಾತ್ಮ ಚೌಕದ್ದು. 1864ರ ಫ್ಲೋರಾ ಫೌಂಟನ್ ಬಗ್ಗೆ ಬೇಕಾದಷ್ಟು ಹೇಳಿದರು. ಪಕ್ಕದಲ್ಲೇ ಹುತಾತ್ಮರ ಸ್ಮಾರಕ, ರೈತ, ಕಾರ್ಮಿಕ ಇಬ್ಬರೂ ಸೇರಿ ಪಂಜು ಹಿಡಿದು ನಿಂತ ಪ್ರತಿಮೆ ಇದೆಯಲ್ಲ, ಅದಕ್ಕೆ ಎರಡೇ ಮಾತು! ಮುಂಬೈಯೂ ಸೇರಿದಂತೆ ಮರಾಠಿಗರಿಗೆ ಒಂದು ರಾಜ್ಯ ಬೇಕು ಅಂತ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ 100ಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟರು. ಆಮೇಲೆ 1960ರ ಮೇ 1ರಂದು ಮುಂಬೈಯನ್ನೇ ರಾಜಧಾನಿಯಾಗಿ ಇಟ್ಟುಕೊಂಡು ಮಹಾರಾಷ್ಟ್ರ ರಾಜ್ಯ ಆಯಿತು. ನಮ್ಮ ಕಡೆಯವರಿಗೆ ಇದೇನು ಪರರ ಕಥೆ ಅಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲವೂ 1956ರ ನವೆಂಬರ್‌ವರೆಗೆ ಬಾಂಬೆ ರಾಜ್ಯದಲ್ಲೇ ಇದ್ದವು, ಅಂದ್ರೆ ನಮ್ಮಜ್ಜನಿಗೂ ರಾಜಧಾನಿ ಇದೇ ಊರು. ನಮ್ಮ ಭಾಷೆಯವರೆಲ್ಲ ಒಂದು ರಾಜ್ಯದಲ್ಲಿ ಇರಬೇಕು ಅಂತ ನಾವು ಹೋರಾಡಿದೆವು, ಇವರೂ ಅದಕ್ಕೇ ಹೋರಾಡಿದರು. ಅಲ್ಲಿ ನಿಂತು ಮಾವ ಇದನ್ನೆಲ್ಲ ಹೇಳುತ್ತಿದ್ದರೆ ಗುಂಪು ಆಗಲೇ ಮುಂದಿನ ಸಿಗ್ನಲ್ ದಾಟಿತ್ತು. ಐದು ನಿಮಿಷ ಜಾಸ್ತಿ ಕೊಟ್ಟಿದ್ರೆ ಏನಾಗ್ತಿತ್ತು?

ಗೇಟ್‌ವೇಯಲ್ಲಿ ಜನಜಂಗುಳಿ, ಫೋಟೋ ತೆಗೆಸಿಕೊಳ್ಳಿ ಅಂತ ಹಿಂದೆ ಬೀಳುವವರು. ಆದ್ರೂ ಕಮಾನಿನ ಕೆಳಗೆ ನಿಂತು ಸಮುದ್ರ ನೋಡಿ. 1911ರಲ್ಲಿ ಐದನೇ ಜಾರ್ಜ್ ಇಲ್ಲಿಗೆ ಬಂದಿಳಿದ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೇನಾ ತುಕಡಿ ಇದೇ ಬಾಗಿಲಿಂದ ಹೊರಟುಹೋಯಿತು. ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು.

ಗಾಮ್‌ದೇವಿಯ ಮಣಿ ಭವನ ಈ ಟೂರಿನಲ್ಲಿ ಬರಲ್ಲ, ನೀವೇ ಟ್ಯಾಕ್ಸಿ ಹಿಡಿದು ಹೋಗಬೇಕು. ಗಾಂಧೀಜಿ ಮುಂಬೈಗೆ ಬಂದಾಗ 1917ರಿಂದ 1934ರವರೆಗೆ ಇಳಿದುಕೊಳ್ಳುತ್ತಿದ್ದ ಮನೆ ಅದು. ಅವರ ಬದುಕನ್ನು ಪುಟ್ಟ ಪುಟ್ಟ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ, ಮಕ್ಕಳಿದ್ದರೆ ತಪ್ಪದೆ ಕರೆದುಕೊಂಡು ಹೋಗಿ.